ಗರಗಸ ಓದಿಸಿದ್ದು ಯಾರು?

ನಿವೃತ್ತ ಮೇಷ್ಟ್ರ ತಂಗಿಯ ಮಗಳು ಟಿಇಟಿ ಪಾಸು ಮಾಡಿ, ಎಚ್.ಡಿ. ಕೋಟೆ ಕಡೆಯ ಹಳ್ಳಿಶಾಲೆಯೊಂದಕ್ಕೆ ಅತಿಥಿ ಶಿಕ್ಷಕಿಯಾಗಿ ಸೇರಿ ಮೂರು ತಿಂಗಳಾಗಿತ್ತು. ಭಾನುವಾರ ಸೋದರಮಾವನ ಮನೆಗೆ ಬಂದವಳು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದಳು: "ಎಲ್ಲಾ ಕಾರ್ಡೇ ಕಲಿಸೋದಾದ್ರೆ ನಾನ್ಯಾಕೆ, ಮಾವ?"

ಮೇಷ್ಟ್ರಿಗೆ ನಗು ಬಂತು. 1995ರಲ್ಲಿ ಯುನಿಸೆಫ್ ನೆರವಿನಿಂದ ಆ ತಾಲ್ಲೂಕಿನಲ್ಲಿ ನಲಿ-ಕಲಿ ಪದ್ಧತಿ ಶುರುವಾದಾಗ ಅವರು ಅಲ್ಲೇ ಕೆಲಸದಲ್ಲಿದ್ದವರು. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಪಠ್ಯಪುಸ್ತಕ ಬದಿಗಿಟ್ಟು, ಪಾಠಗಳನ್ನು ಕಾರ್ಡುಗಳಾಗಿ ಬಿಡಿಸಿ ಕಲಿಕಾ ಏಣಿಗೆ ಜೋಡಿಸಿದ್ದರು. 2009-10ರಲ್ಲಿ ಆ ಏಣಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

"ಕೊಡಗಿಗೆ ಕಾಫಿ ಕೊಯ್ಲಿಗೆ ಹೋದವರ ಮಗು ತಿಂಗಳು ಬಿಟ್ಟು ಬಂದ್ರೆ ಎಲ್ಲಿಂದ ಶುರುಮಾಡಿಸ್ತೀಯ?"

"ಬಿಟ್ಟ ಮೆಟ್ಟಿಲಿಂದ."

"ಮುಂಚೆ ಹಂಗಿರ್ಲಿಲ್ಲ ಕಣಮ್ಮ. ಎಂಟನೇ ಪಾಠ ನಡೀತಿದ್ರೆ ಅದೂ ಎಂಟಕ್ಕೇ ಕೂರ್ಬೇಕಿತ್ತು. ಬಾಯಿ ಬಿಡ್ದಿದ್ರೆ ದಡ್ಡ ಅಂತಿದ್ವಿ. ನಾನೂ ಅಂದಿದ್ದೀನಿ."

ಅವಳು ಸುಲಭಕ್ಕೆ ಬಿಡಲಿಲ್ಲ. "ಒಂದರಿಂದ ಮೂರನೇ ಕ್ಲಾಸಿನ ಇಪ್ಪತ್ತಾರು ಮಕ್ಕಳು, ಒಂದೇ ಕೋಣೆ, ನಾನೊಬ್ಬಳು. ಒಂದು ಗುಂಪಿನವರ ಹತ್ರ ಕೂತ್ರೆ ಇನ್ನೊಂದರಲ್ಲಿ ಜಡೆಜಗಳ. ನಡುವೆ ಹಾಲು, ಬಿಸಿಯೂಟದ ಲೆಕ್ಕ. ಮೇಷ್ಟ್ರಿಲ್ಲದ ಕೊರತೆಗೆ 'ಸ್ವಕಲಿಕೆ' ಅಂತ ಚೆಂದದ ಹೆಸರಿಟ್ಟಂಗಲ್ವಾ ಇದು?"

"ಅರ್ಧ ಒಪ್ಕೋತೀನಿ. ಅರವತ್ತು ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರಿರ್ಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆನೇ ಹೇಳುತ್ತೆ. ಕೊರತೆ ಕೊರತೆಯೇ. ಅದಿರ್ಲಿ, ಕಾರ್ಡು ಯಾವತ್ತಾದ್ರೂ ಕೈಕೊಟ್ಟಿದ್ದುಂಟಾ?"

ಅವಳು ಕ್ಷಣ ಯೋಚಿಸಿದಳು. ನಲಿ-ಕಲಿಯ ಅಕ್ಷರಮಾಲೆ 'ಅ ಆ'ದಿಂದಲ್ಲ, 'ರ ಗ ಸ ದ ಅ'ದಿಂದ ಶುರು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಗುರುವಾರ 'ಗ', 'ರ', 'ಗ', 'ಸ' ಎಂದು ಬಿಡಿಬಿಡಿಯಾಗಿ ಓದುತ್ತಿದ್ದಳು, ಕೂಡಿಸಲು ಬರುತ್ತಿರಲಿಲ್ಲ. "ನಿಮ್ಮಪ್ಪ ಮರ ಯಾತರಲ್ಲಿ ಕೊಯ್ತಾರೆ ಪುಟ್ಟಿ, ಅಂದೆ. 'ಗರಗಸ!' ಅಂತ ಕೂಗಿದ್ಲು. ಆಮೇಲೆ ಕಾರ್ಡ್ ನೋಡಿದ್ಲು, ನನ್ನ ನೋಡಿದ್ಲು, ಮತ್ತೆ ಬೆರಳಿಟ್ಟು ಕಾರ್ಡ್ ನೋಡಿದ್ಲು. ಪಕ್ಕದವನಿಗೆ ಅವಳೇ ಹೇಳಿಕೊಟ್ಲು." ಹೇಳುವಾಗ ಅವಳ ದನಿಯೂ ಏರಿತ್ತು.

"ಅವಳಪ್ಪ ಬಡಗಿ ಅಂತ ಕಾರ್ಡಿಗೆ ಗೊತ್ತಿತ್ತಾ?"

"ಅಂದ್ರೆ ಇಪ್ಪತ್ತಾರು ಮನೆ ಕಸುಬೂ ನನಗೆ ಗೊತ್ತಿರ್ಬೇಕಾ?"

"ಎಷ್ಟು ಗೊತ್ತು?"

ಅವಳು ಬೆರಳು ಮಡಿಸುತ್ತ ಎಣಿಸಿದಳು. ಹನ್ನೊಂದಕ್ಕೆ ನಿಂತಿತು.

"ಮಾರ್ಚ್ ಹೊತ್ತಿಗೆ ಅಷ್ಟೂ ತಿಳ್ಕೋಬಹುದು, ಮಾವ. ಆದ್ರೆ ಅತಿಥಿಯವರ ಕೆಲಸಾನೂ ಮಾರ್ಚ್‌ಗೇ ಮುಗಿಯುತ್ತೆ. ಜೂನ್‌ಗೆ ಬರೋರಿಗೆ ಯಾರು ಹೇಳ್ತಾರೆ?"

ಮೇಷ್ಟ್ರು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಬರುವಾಗ ಅವರ ಕೈಯಲ್ಲೊಂದು ಹಳೆಯ ನೋಟ್‌ಬುಕ್ ಇತ್ತು. ಹಿಂದಿನ ಹಾಳೆಗಳು ಖಾಲಿಯಿದ್ದವು.