ಬರೆಯದೇ ಹೋದ ಹೆಸರು

ಹೋದ ಜೂನ್ ತಿಂಗಳ ಒಂದು ಭಾನುವಾರ. ಅರಸೀಕೆರೆ ಕಡೆಯ ನಮ್ಮೂರಲ್ಲಿ, ಮನೆ ಜಗುಲಿ ಮೇಲೆ ಕೂತು ಚಿಕ್ಕಪ್ಪನ ಮಗನಿಗೆ ನರ್ಸಿಂಗ್ ಕಾಲೇಜಿನ ಅರ್ಜಿ ತುಂಬಿಕೊಡ್ತಾ ಇದ್ದೆ. ಊರಿಗೆ ಹೋದಾಗಲೆಲ್ಲ ನನ್ನ ಪಾಲಿಗೆ ಬೀಳೋ ಕೆಲಸ ಇದು. ಆಧಾರ್ ತಿದ್ದುಪಡಿ, ಪಹಣಿ ಪ್ರಿಂಟು, ವೃದ್ಧಾಪ್ಯ ವೇತನದ ಅರ್ಜಿ. ಬಿಇ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರೋನು ಅಂದ್ರೆ ಊರಿನ ಲೆಕ್ಕದಲ್ಲಿ ಪುಕ್ಕಟೆ ಸೈಬರ್ ಸೆಂಟರ್. ಹೆಸರು, ಹುಟ್ಟಿದ ದಿನ, ಪಿಯುಸಿ ಅಂಕ ಎಲ್ಲ ಹಾಕಿ ಮೂರನೇ ಪುಟಕ್ಕೆ ಬಂದ್ವಿ. ಅಲ್ಲೊಂದು ಪ್ರಶ್ನೆ: ಯಾವುದಾದರೂ ಕ್ರಿಮಿನಲ್ ಪ್ರಕರಣದಲ್ಲಿ ನಿಮ್ಮ ಮೇಲೆ ಅಪರಾಧ ಸಾಬೀತಾಗಿದೆಯೇ? ಮುಂದೆ ಎರಡು ಗುಂಡಿ. ಹೌದು, ಇಲ್ಲ.

ಅವನು ಸುಮ್ಮನಾದ. ನಾನು ಒಂದು ಕ್ಷಣ ಬಿಟ್ಟು, "ಇಲ್ಲ ಅಂತ ಹಾಕ್ತೀನಿ ಕಣೋ, ಯಾರು ಬಂದು ನೋಡ್ತಾರೆ" ಅಂದೆ.

"ಬ್ಯಾಡ ಕಣಣ್ಣ. ಹೌದು ಅಂತ್ಲೇ ಹಾಕು."

ಆ ದಿನ ಅರ್ಜಿ ಅಲ್ಲಿಗೇ ನಿಂತಿತು. ಅವನ ಮಾತು ಮಾತ್ರ ಬೆಂಗಳೂರಿನ ತನಕ ನನ್ನ ಹಿಂದೆ ಬಂತು.

ಕಥೆ ಚಿಕ್ಕದು. 2017ರ ಬೇಸಿಗೆ. ಪಕ್ಕದ ತೋಟದವರಿಗೂ ನಮಗೂ ಬದುವಿನ ಮೇಲಿದ್ದ ಒಂದು ತೆಂಗಿನ ಮರದ ವಿಷಯಕ್ಕೆ ಜಗಳ. ಕಾಯಿ ಕೆಡವಿದ್ದು ಯಾರು, ಮರ ಯಾರದ್ದು ಅಂತ. ನಾನು ರಜಕ್ಕೆ ಬಂದಿದ್ದೆ, ಇಪ್ಪತ್ತಾರು ವಯಸ್ಸು. ಮಾತು ಬೆಳೆಸಿದ್ದು ನಾನು. ಅಪ್ಪನ ವಯಸ್ಸಿನ ಮನುಷ್ಯನಿಗೆ ಆಡಬಾರದ ಮಾತು ಆಡಿದ್ದೂ ನಾನೇ. ಅವರು ನನ್ನ ಅಂಗಿ ಹಿಡಿದಾಗ, ತಮ್ಮ ಗುದ್ದಲಿ ಕಾವು ಎತ್ತಿ ಬೀಸಿಬಿಟ್ಟ. ಆರು ಹೊಲಿಗೆ ಬಿತ್ತು. ಅವನಿಗೆ ಆಗ ಹದಿನೆಂಟು ವರ್ಷ ನಾಲ್ಕು ತಿಂಗಳು.

ಅವತ್ತು ರಾತ್ರಿಯೇ ನಮ್ಮಪ್ಪ ಊರಿನ ಹಿರಿಯರನ್ನ ಕರ್ಕೊಂಡು ಅವರ ಮನೆಗೆ ಹೋದರು. "ಹುಡುಗ ಕಂಪನೀಲಿ ಕೆಲಸದಲ್ಲವ್ನೆ, ನಾಳೆ ಪಾಸ್‌ಪೋರ್ಟು ಅದು ಇದು ಅಂತ ತೊಂದ್ರೆ ಆಯ್ತದೆ" ಅಂತ ಕೇಳಿಕೊಂಡರು. ದೂರಿನಲ್ಲಿ ನನ್ನ ಹೆಸರು ಬರಲಿಲ್ಲ. ತಮ್ಮನ ಹೆಸರು ಬಂತು. ಐಪಿಸಿ 324. ಎರಡು ವರ್ಷ ತಾಲ್ಲೂಕು ಕೋರ್ಟಿಗೆ ವಾಯಿದೆ ವಾಯಿದೆಗೆ ಅಲೆದ. ಕೊನೆಗೆ ತಪ್ಪು ಒಪ್ಪಿಕೊಂಡ. ನ್ಯಾಯಾಧೀಶರು ಜೈಲಿಗೆ ಕಳಿಸದೆ, 1958ರ ಪ್ರೊಬೇಷನ್ ಕಾಯ್ದೆಯಡಿ ಒಳ್ಳೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು.

ಆಮೇಲೆ ಅಜ್ಜಿಗೆ ಲಕ್ವ ಹೊಡೀತು. ಹದಿನಾಲ್ಕು ತಿಂಗಳು ಹಾಸಿಗೆ. ಬೆನ್ನಿಗೆ ಹುಣ್ಣಾಗಬಾರದು ಅಂದ್ರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಡಾಕ್ಟರು ಹೇಳಿದ್ದರು. ರಾತ್ರಿ ಅಲಾರಂ ಇಟ್ಟು ಎದ್ದು ಅದನ್ನ ಮಾಡಿದ್ದು ಇವನು. ನಾನು ತಿಂಗಳಿಗೊಮ್ಮೆ ಸೇಬು ತಗೊಂಡು ಹೋಗ್ತಿದ್ದೆ. ಅಜ್ಜಿ ಹೋದ ಮೇಲೆ ಹಾಸನದ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿ ಸೇರಿಕೊಂಡ. ರೋಗಿಗಳನ್ನ ಎತ್ತೋದು, ಒರೆಸೋದು, ಸ್ಟ್ರೆಚರ್ ತಳ್ಳೋದು. ಆ ಕೆಲಸಕ್ಕೆ ಸೇರುವಾಗ ಯಾರೂ ಅವನ ಕೇಸಿನ ಬಗ್ಗೆ ಕೇಳಲಿಲ್ಲ. ಈಗ ಮೂರು ವರ್ಷದ ಜಿಎನ್‌ಎಂ ಓದಿ ಅದೇ ರೋಗಿಗಳ ಹತ್ತಿರ ಕಾಯಿದೆಬದ್ಧವಾಗಿ ನಿಲ್ಲಬೇಕು ಅಂದಾಗ ಪ್ರಶ್ನೆ ಬಂತು.

ಹಾಗಂತ ಪ್ರಶ್ನೆಯೇ ತಪ್ಪು ಅಂತ ನಾನು ಹೇಳಲ್ಲ. ಮಂಪರಿನಲ್ಲಿ ಮಲಗಿರೋ ಮನುಷ್ಯನಿಗೆ ತನ್ನ ಕೈಗೆ ಚುಚ್ಚೋರು ಯಾರು ಅಂತ ಆರಿಸಿಕೊಳ್ಳೋ ಶಕ್ತಿ ಇರಲ್ಲ. ಅವನ ಪರವಾಗಿ ಬೇರೆ ಯಾರೋ ಕೇಳಲೇಬೇಕು. ಅಮೆರಿಕದಲ್ಲಿ ಚಾರ್ಲ್ಸ್ ಕಲೆನ್ ಅನ್ನೋ ನರ್ಸ್ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ರಾಜ್ಯಗಳ ಆಸ್ಪತ್ರೆಗಳಲ್ಲಿ ಹದಿನಾರು ವರ್ಷ ಕೆಲಸ ಮಾಡ್ತಾ ರೋಗಿಗಳನ್ನ ಔಷಧಿ ಕೊಟ್ಟು ಕೊಂದ. ಸಿಕ್ಕಿಬಿದ್ದಿದ್ದು 2003ರಲ್ಲಿ. ಅನುಮಾನ ಬಂದ ಆಸ್ಪತ್ರೆಗಳು ಅವನನ್ನ ಸದ್ದಿಲ್ಲದೆ ಕಳಿಸಿಕೊಟ್ಟವೇ ಹೊರತು ಮುಂದಿನವರಿಗೆ ಹೇಳಲಿಲ್ಲ. ಇಂಥ ವಿಷಯ ಮುಚ್ಚಿಡದೆ ವರದಿ ಮಾಡಬೇಕು ಅಂತ ನ್ಯೂಜೆರ್ಸಿ 2005ರಲ್ಲಿ ಕಾನೂನನ್ನೇ ತಂತು. ಅಸಹಾಯಕರ ಮೇಲೆ ಕೈ ಮಾಡಿದವನು, ಹೆಂಗಸರು ಮಕ್ಕಳ ಮೇಲೆ ದೌರ್ಜನ್ಯ ಮಾಡಿದವನು ವಾರ್ಡಿನ ಒಳಗೆ ಬರಬಾರದು. ನಮ್ಮಮ್ಮ ಆ ಮಂಚದ ಮೇಲಿದ್ರೆ ನಾನೂ ಅದನ್ನೇ ಕೇಳ್ತೀನಿ.

ನನ್ನ ತಕರಾರು ಇರೋದು ಆ ಎರಡು ಗುಂಡಿಗಳ ಮೇಲೆ. ಇಂಥ ಫಾರಂಗಳನ್ನ ನಾನೇ ಬರೆದಿದ್ದೀನಿ. ಡೇಟಾಬೇಸಿನಲ್ಲಿ ಒಂದು ಕಾಲಂ, ಅದರಲ್ಲಿ ಸೊನ್ನೆ ಅಥವಾ ಒಂದು. ಒಂದು ಬಂದರೆ ಅರ್ಜಿ ಪಕ್ಕಕ್ಕೆ ಸರಿಸು ಅಂತ ಒಂದು ಸಾಲು ಕೋಡ್. ಯಾವಾಗ, ಯಾಕೆ, ಆಮೇಲೆ ಏನು ಮಾಡಿದ ಅನ್ನೋದಕ್ಕೆ ಅಲ್ಲಿ ಜಾಗ ಇರಲ್ಲ. ನಾವು ಅದನ್ನ ಬರೆಯುವಾಗ ಯಾರ ಮುಖವೂ ನಮ್ಮ ಕಣ್ಣ ಮುಂದೆ ಬರಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಅಷ್ಟು ಕುರುಡಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಹದಿನೆಂಟು ತುಂಬದವರ ಇಂಥ ತಪ್ಪು ಮುಂದೆ ಯಾವ ಅನರ್ಹತೆಗೂ ಕಾರಣ ಆಗಬಾರದು, ದಾಖಲೆಯನ್ನೂ ನಾಶ ಮಾಡಬೇಕು. ಅಂದ್ರೆ ಅದೇ ಏಟು ಐದು ತಿಂಗಳು ಮೊದಲು ಬಿದ್ದಿದ್ರೆ ತಮ್ಮನಿಗೆ ಈ ಪ್ರಶ್ನೆಯ ಭಯ ಇರ್ತಿರಲಿಲ್ಲ. ಪ್ರೊಬೇಷನ್ ಕಾಯ್ದೆಯ 12ನೇ ಕಲಮು ಕೂಡ, ಹೀಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಜೊತೆ ಬರೋ ಅನರ್ಹತೆ ತಟ್ಟಬಾರದು ಅಂತದೆ. ಆದರೆ ಅಪರಾಧ ಸಾಬೀತಾಗಿದ್ದು ಅದರಿಂದ ಅಳಿಸಿಹೋಗಲ್ಲ. ಹಾಗಾಗಿ ಪ್ರಶ್ನೆಗೆ ನಿಜವಾದ ಉತ್ತರ ಹೌದು ಅಂತಲೇ.

ಸುಪ್ರೀಂ ಕೋರ್ಟಿಗೂ ಇಂಥ ಪ್ರಶ್ನೆ ಹೋಗಿದೆ, ಕಾಲೇಜಿನ ವಿಷಯದಲ್ಲಲ್ಲ, ಕೆಲಸದ ವಿಷಯದಲ್ಲಿ. ದೆಹಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದ ಹುಡುಗನೊಬ್ಬ ಹಳೇ ಹೊಡೆದಾಟದ ಕೇಸು ಮುಚ್ಚಿಟ್ಟಿದ್ದ. ಪ್ರಾಯದಲ್ಲಿ ಮಾಡಿದ ತಪ್ಪಿಗೆ ಜೀವನಪೂರ್ತಿ ಹಣೆಪಟ್ಟಿ ಕಟ್ಟಬಾರದು ಅನ್ನೋ ಧಾಟಿಯಲ್ಲಿ 2011ರಲ್ಲಿ ತೀರ್ಪು ಬಂತು. ರೊಟ್ಟಿ ಕದ್ದು ಕಳ್ಳನೆಂದೇ ಉಳಿದುಹೋದ ಜಾನ್ ವಾಲ್‌ಜಾನ್‌ನ ಕಥೆಯನ್ನೂ ನ್ಯಾಯಮೂರ್ತಿಗಳು ಅದರಲ್ಲಿ ನೆನೆದಿದ್ದಾರೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಇನ್ನೂ ಬಿಡಿಸಿ ಹೇಳಿದರು. ಕೇಳಿದ್ದಕ್ಕೆ ನಿಜ ಹೇಳಬೇಕು. ಸಣ್ಣ ಪ್ರಕರಣವಾಗಿದ್ರೆ ಕೆಲಸ ಕೊಡೋರು ಅದನ್ನ ಮನ್ನಿಸಬಹುದು. ಆದರೆ ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ, ಆ ಮನುಷ್ಯನ ಹಿನ್ನೆಲೆಯನ್ನ ಅವರು ತೂಗಿ ನೋಡಬಹುದು.

ಅಂದ್ರೆ ನಿಜ ಹೇಳಿದವನಿಗೆ ಯಾವ ಖಾತರಿಯೂ ಇಲ್ಲ. ಅದಕ್ಕೇ ನಾನು ಇಲ್ಲ ಅಂತ ಹಾಕ್ತೀನಿ ಅಂದಿದ್ದು. ಅವನು ಕೊಟ್ಟ ಕಾರಣ ಇಷ್ಟು: "ಇವತ್ತು ಸುಳ್ಳು ಬರ್ದು ಒಳಗೋದ್ರೆ ಮೂರು ವರ್ಷನೂ ಯಾರಾದ್ರೂ ಹೆಸ್ರು ಕೂಗಿದ್ರೆ ಎದೆ ಡವಡವ ಅಂತದೆ ಕಣಣ್ಣ. ನಾಳೆ ವಾರ್ಡಲ್ಲಿ ನನ್ನಿಂದ ಏನಾದ್ರೂ ಎಡವಟ್ಟಾದ್ರೆ ಅದನ್ನೂ ಇಲ್ಲ ಅಂತ್ಲೇ ಬರಿಯಾದು ಅಭ್ಯಾಸ ಆಗಿರ್ತದೆ."

ನರ್ಸಿಂಗ್ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಅದು. ಆ ಕೆಲಸದಲ್ಲಿ ಮೊದಲು ಕಲಿಸೋದು ಐದು ಸರಿಗಳನ್ನ: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಐದರಲ್ಲಿ ಒಂದು ತಪ್ಪಿದ್ರೆ ಏನು ಮಾಡಬೇಕು? ಬರೀಬೇಕು, ತಕ್ಷಣ ಹೇಳಬೇಕು. ಹೇಳಿದ್ರೆ ರೋಗಿಗೆ ಬದುಕೋ ಅವಕಾಶ ಇರುತ್ತೆ.

ಹೇಳಿದವರಿಗೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2017ರ ಕೊನೆಯಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ರಡೋಂಡಾ ವಾಟ್ ಅನ್ನೋ ನರ್ಸ್, ವರ್ಸೆಡ್ ಅನ್ನೋ ಶಮನದ ಔಷಧಿಯ ಬದಲು ಸ್ನಾಯುಗಳನ್ನೇ ನಿಲ್ಲಿಸೋ ವೆಕ್ಯುರೋನಿಯಂ ಕೊಟ್ಟುಬಿಟ್ಟರು. ರೋಗಿ ತೀರಿಕೊಂಡರು. ವಾಟ್ ತಮ್ಮ ತಪ್ಪು ಒಪ್ಪಿಕೊಂಡರು. 2022ರಲ್ಲಿ ಅವರನ್ನ ಅಪರಾಧಿ ಅಂತ ತೀರ್ಮಾನಿಸಿ, ಮೂರು ವರ್ಷದ ಪ್ರೊಬೇಷನ್ ವಿಧಿಸಿದರು. ಒಪ್ಪಿಕೊಂಡವರಿಗೇ ಹೀಗಾದ್ರೆ ಇನ್ನು ಮುಂದೆ ಯಾರು ಒಪ್ಪಿಕೊಳ್ತಾರೆ ಅಂತ ಅಲ್ಲಿನ ನರ್ಸುಗಳು ಕೇಳಿದರು. ಸತ್ತವರ ಮನೆಯವರ ದುಃಖದ ಮುಂದೆ ಆ ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಮುಂದಿನ ರೋಗಿಯ ಜೀವ ಅದರ ಉತ್ತರದ ಮೇಲೆ ನಿಂತಿದೆ. ನಮ್ಮ ಕೆಲಸದಲ್ಲೂ ಸರ್ವರ್ ಬಿದ್ದಾಗ ಯಾರನ್ನೂ ದೂರದೆ ಏನಾಯ್ತು ಅಂತಷ್ಟೇ ಬರೆಯೋ ಪದ್ಧತಿ ಇದೆ. ಬೈಗುಳ ಶುರುವಾದ ದಿನ ಎಲ್ಲರೂ ಮುಚ್ಚಿಡೋಕೆ ಶುರು ಮಾಡ್ತಾರೆ ಅಂತ ನಮಗೆ ಗೊತ್ತು. ನಾವು ಕಾಯೋದು ಯಂತ್ರವನ್ನ. ಅವರು ಕಾಯೋದು ಮನುಷ್ಯರನ್ನ.

ಹಾಗಾಗಿ ಕಾಲೇಜು ಆ ಪ್ರಶ್ನೆ ಕೇಳಲಿ. ಆದರೆ ಹೌದು ಅಂತ ಬರೆದವನನ್ನ ಒಂದು ಸಲ ಎದುರಿಗೆ ಕೂರಿಸಿಕೊಂಡು ಮಾತಾಡಲಿ. ತನಗೆ ನಷ್ಟ ಅಂತ ಗೊತ್ತಿದ್ದೂ ನಿಜ ಬರೆದವನು, ಈ ಕೆಲಸಕ್ಕೆ ಬೇಕಾದ ಒಂದು ಗುಣವನ್ನ ಅರ್ಜಿಯಲ್ಲೇ ತೋರಿಸಿರ್ತಾನೆ. ಅವನನ್ನ ಗುಂಡಿಯ ಲೆಕ್ಕದಲ್ಲಿ ಆಚೆ ಹಾಕಿದ್ರೆ ಒಳಗೆ ಬರೋರು ತಪ್ಪೇ ಮಾಡದವರು ಮಾತ್ರ ಅಲ್ಲ. ಸಿಕ್ಕಿಬೀಳದವರೂ ಬರ್ತಾರೆ. ನನ್ನಂಥವರು.

ಇಲ್ಲಿಗೆ ಬಂದಾಗ ನನ್ನ ವಾದ ನನ್ನ ಮೇಲೇ ತಿರುಗಿತು. ಮೂರು ಕಂಪನಿ ಬದಲಿಸಿದ್ದೀನಿ. ಮೂರು ಕಡೆಯೂ ಇದೇ ಪ್ರಶ್ನೆಗೆ ಇಲ್ಲ ಅಂತ ಹಾಕಿದ್ದೀನಿ, ಕೈ ನಡುಗದೆ. ಅದು ಸುಳ್ಳಲ್ಲ. ಆದರೆ ನನ್ನ ಆ "ಇಲ್ಲ"ದ ಬೆಲೆಯನ್ನ ಅವನ "ಹೌದು" ಕಟ್ಟಿದೆ.

ಎರಡು ವಾರ ಬಿಟ್ಟು ಮತ್ತೆ ಊರಿಗೆ ಹೋದೆ. ಪಕ್ಕದ ತೋಟದವರ ಮನೆಗೆ ಹೋಗಿ ಕೂತೆ. ಹಣೆಯ ಮೇಲ್ಗಡೆ ಹೊಲಿಗೆಯ ಗುರುತು ಈಗಲೂ ಕಾಣುತ್ತೆ. "ಮಾವ, ಅವತ್ತು ನಾನು ಹಂಗೆ ಮಾತಾಡಬಾರದಿತ್ತು, ತಪ್ಪಾಯ್ತು" ಅಂದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಇದ್ದವರು ತಲೆ ಎತ್ತಲಿಲ್ಲ.

"ಹೊಡ್ದೋನು ಮೂರು ಸಲ ಬಂದು ಕಾಲಿಗೆ ಬಿದ್ದವ್ನೆ. ಬೈದೋನು ಈಗ ಬಂದವ್ನೆ" ಅಂದರು. ಆಮೇಲೆ ಒಳಗೆ ಕೂಗಿ ಕಾಫಿ ತರಿಸಿದರು.

ಅವತ್ತು ರಾತ್ರಿ ಒಂದು ಪತ್ರ ಬರೆದೆ. ಜಗಳ ಶುರು ಮಾಡಿದ್ದು ಯಾರು, ಯಾರ ಅಂಗಿ ಬಿಡಿಸೋಕೆ ಅವನು ಕಾವು ಎತ್ತಿದ, ದೂರಿನಲ್ಲಿ ಯಾರ ಹೆಸರು ಯಾಕೆ ಬಿಟ್ಟುಹೋಯ್ತು ಅಂತ ಎಲ್ಲ ಬರೆದು, ಕೆಳಗೆ ನನ್ನ ಹೆಸರು, ವಿಳಾಸ, ಸಹಿ ಹಾಕಿದೆ. ಹೊಡೆದದ್ದು ಅವನೇ, ಅದು ತಪ್ಪೇ ಅಂತಲೂ ಬರೆದೆ. ಅಪ್ಪ ಓದಿ ಎರಡು ದಿನ ಮಾತು ಬಿಟ್ಟರು. ತಮ್ಮ ಮಾತ್ರ, "ನಿಂಗ್ಯಾಕಣ್ಣ ಇದೆಲ್ಲ, ಎಲ್ಲಾನ ನಿನ್ ಕೆಲ್ಸಕ್ಕೆ ತೊಂದ್ರೆ ಆದಾತು" ಅಂದ. ಎಂಟು ವರ್ಷದ ಹಿಂದೆ ಅಪ್ಪ ಹೇಳಿದ್ದೂ ಹೆಚ್ಚುಕಮ್ಮಿ ಇದೇ ಮಾತು.

ಹೌದು ಅನ್ನೋ ಗುಂಡಿ ಒತ್ತಿ, ಕೋರ್ಟಿನ ಆದೇಶದ ಪ್ರತಿ, ಅವನದೊಂದು ಪುಟ, ನನ್ನದೊಂದು ಪುಟ ಸೇರಿಸಿ ಎರಡು ಕಾಲೇಜಿಗೆ ಕಳಿಸಿದ್ವಿ. ಒಂದು ಕಡೆಯಿಂದ ಆಗಲ್ಲ ಅಂತ ಫೋನ್ ಬಂತು. ಇನ್ನೊಂದು ಕಡೆ ಅವನನ್ನ ಕರೆಸಿ ಮುಕ್ಕಾಲು ಗಂಟೆ ಮಾತಾಡಿಸಿ, ತಿಳಿಸ್ತೀವಿ ಅಂದಿದ್ದಾರೆ. ಇದನ್ನ ಬರೆಯೋ ಹೊತ್ತಿಗೆ ಅವನು ಹಾಸನದಲ್ಲಿ ರಾತ್ರಿ ಪಾಳಿಯಲ್ಲಿದ್ದಾನೆ. ಎರಡು ಗಂಟೆಗೊಮ್ಮೆ ಯಾರದೋ ಮಗ್ಗುಲು ಬದಲಿಸ್ತಾ ಇರ್ತಾನೆ.