ಘೋಷಣೆಯೆಂದರೆ ಮಾತು ಕೊಟ್ಟಂತೆಯೇ?



ಮಕ್ಕಳು ಮೊಬೈಲಿನಲ್ಲಿ ಆಟವಾಡಿ ಕೆಡುತ್ತಿದ್ದಾರೆ ಎಂಬ ದೂರು ಧರ್ಮಕೇಂದ್ರದ ಗುರುಗಳಿಗೆ ಹೊಸದಲ್ಲ. ಆದರೆ ಸಿಂಧನೂರಿನ ತಾಯಿಯೊಬ್ಬರು ಭಾನುವಾರದ ಪೂಜೆ ಮುಗಿದ ಮೇಲೆ ಹೇಳಿದ್ದು ಬೇರೆ ಬಗೆಯ ದೂರು. “ಫಾದರ್, ಆಟ ಆಡಿದ್ರ ಬೈಬೋದ್ರಿ. ಇವ ಆಡಾಂಗಿಲ್ಲ. ಮುಂದ ಯಾವಾಗೋ ಒಂದು ಆಟ ಬರ್ತೈತಂತ, ಅದರ ಸುದ್ದಿ ಕೇಳಾಕ ನಡುರಾತ್ರಿ ತನಕ ಎದ್ದು ಕುಂದರ್ತಾನ. ಆ ಆಟ ಆಡೋ ಮಷೀನೂ ನಮ್ಮ ಮನ್ಯಾಗಿಲ್ಲ. ಇದಕ್ಕ ಏನನ್ಬೇಕ್ರಿ?”

ಹಿರಿಯ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ವಿಡಿಯೊ ಆಟ ತಯಾರಿಸುವ ಕಂಪನಿಗಳು ಹೊಸ ಆಟವನ್ನು ಮಾರಾಟಕ್ಕಿಡುವ ಎಷ್ಟೋ ಮೊದಲೇ ಅದನ್ನು ಪ್ರಕಟಿಸುತ್ತವೆ. ಇದಕ್ಕಾಗಿಯೇ 1995ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ‘ಇ3’ ಎಂಬ ಮೇಳ ಆರಂಭವಾಯಿತು. ವ್ಯಾಪಾರಿಗಳೂ ಪತ್ರಕರ್ತರೂ ಸೇರುತ್ತಿದ್ದ ಜಾತ್ರೆ ಅದು. 2011ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಮೇಳದ ಹಂಗಿಲ್ಲದೆ ಅಂತರ್ಜಾಲದ ಮೂಲಕ ನೇರವಾಗಿ ಅಭಿಮಾನಿಗಳ ಮುಂದೆ ಬಂದಿತು. 2019ರಲ್ಲಿ ಸೋನಿಯೂ ಅಂಥದೇ ಕಾರ್ಯಕ್ರಮ ಆರಂಭಿಸಿತು. ಕೊರೋನಾ ಕಾಲದಲ್ಲಿ ಮೇಳ ಸೊರಗಿತು. 2023ರ ಡಿಸೆಂಬರ್‌ನಲ್ಲಿ ಅದನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ತಿಳಿಸಿದರು. ಈಗ ಜಾತ್ರೆ ಮನೆಗೇ ಬಂದಿದೆ. ಬೇಸಿಗೆಯಲ್ಲಿ ಲಾಸ್ ಏಂಜಲಿಸ್‌ನ ಬೆಳಗಿನ ಹತ್ತು ಗಂಟೆಯೆಂದರೆ ನಮ್ಮ ಲಿಂಗಸುಗೂರಿನ ರಾತ್ರಿ ಹತ್ತೂವರೆ. ಹುಡುಗರ ನಿದ್ದೆಗೆಡುವುದು ಹೀಗೆ.

ಇದು ಪಾಪವೇ? ನನಗೆ ಹಾಗೆನ್ನಿಸುವುದಿಲ್ಲ. ಮಾರನೆಯ ದಿನ ಶಾಲೆಯಲ್ಲಿ ತೂಕಡಿಸಿದರೆ ಅದು ಬೇರೆ ಮಾತು. ಮಕ್ಕಳು ನೋಡಬಾರದಂಥ ರಕ್ತಪಾತದ ಆಟಗಳೂ ಆ ಪ್ರದರ್ಶನಗಳಲ್ಲಿ ಇರುತ್ತವೆ. ತಂದೆತಾಯಿಗಳು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಬೇಕು. ಆದರೆ ಬರಲಿರುವುದನ್ನು ನೆನೆದು ಸಂತೋಷಪಡುವುದು ಮನುಷ್ಯಸಹಜ. ಭವಿಷ್ಯವೆಂಬುದು ಇನ್ನೂ ಇಲ್ಲ, ಆದರೂ ನಿರೀಕ್ಷೆಯ ರೂಪದಲ್ಲಿ ಅದು ಈಗಲೇ ನಮ್ಮ ಮನಸ್ಸಿನಲ್ಲಿದೆ ಎಂದು ಸಂತ ಅಗಸ್ಟೀನರು ತಮ್ಮ ‘ಕನ್ಫೆಷನ್ಸ್’ ಗ್ರಂಥದ 11ನೆಯ ಭಾಗದಲ್ಲಿ ವಿಚಾರ ಮಾಡಿದ್ದಾರೆ. ಆ ಹುಡುಗನಿಗೆ ಯಂತ್ರ ಕೊಳ್ಳಲು ಹಣವಿಲ್ಲ. ಆದರೆ ನಿರೀಕ್ಷೆಯಲ್ಲಿ ಪಾಲುಗೊಳ್ಳಲು ಹಣ ಬೇಡ. ಲಂಡನ್ನಿನ ಹುಡುಗನೂ ಟೋಕಿಯೊದ ಹುಡುಗನೂ ಕೂಗಿದ ಕ್ಷಣದಲ್ಲೇ ಅವನೂ ಕೂಗುತ್ತಾನೆ. ಇದರಲ್ಲಿ ನಗುವಂಥದ್ದೇನಿದೆ? ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಯಾವ ದಿನ ಬಿಡುತ್ತಾರೆಂದು ನೀರಾವರಿ ಸಲಹಾ ಸಮಿತಿಯ ಸುದ್ದಿಗಾಗಿ ಅವನ ತಂದೆ ಟಿವಿ ಮುಂದೆ ಕುಳಿತಿರುವುದಿಲ್ಲವೇ? 1990ರ ದಶಕದಲ್ಲಿ ಮಂಜೂರಾದ ರೈಲು 2024ರಲ್ಲಿ ಸಿಂಧನೂರಿಗೆ ಬರುವ ತನಕ ಅಜ್ಜಂದಿರು ಕಾಯಲಿಲ್ಲವೇ? ಕಾಯುವ ವಿದ್ಯೆಯಲ್ಲಿ ನಮ್ಮ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಕಾಯುವವನದಲ್ಲ, ಕಾಯಿಸುವವನದು. “ಬರುತ್ತದೆ” ಎಂದು ಲೋಕಕ್ಕೆಲ್ಲ ಸಾರಿದವನು ಮಾತು ಕೊಟ್ಟಂತಾಯಿತೇ? ಬಾರದಿದ್ದರೆ ಅವನು ಸುಳ್ಳನೇ?

ನಮ್ಮ ಹುಡುಗರೆಲ್ಲ ಬಲ್ಲ ಒಂದೆರಡು ಉದಾಹರಣೆ ನೋಡೋಣ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಎರಡೇ ದಿನದಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕಂಪನಿಯ ‘ಫೌ-ಜಿ’ ಎಂಬ ಆಟವನ್ನು ನಟ ಅಕ್ಷಯ್ ಕುಮಾರ್ ಪ್ರಕಟಿಸಿದರು. ಆದಾಯದ ಶೇಕಡ 20 ಭಾಗ ವೀರಯೋಧರ ಕುಟುಂಬಗಳ ನಿಧಿಗೆ ಎಂದೂ ಹೇಳಿದರು. ಹುಡುಗರು ಇದನ್ನು ಪಬ್‌ಜಿಯ ಬದಲಿ ಎಂದೇ ತಿಳಿದು ಕಾದರು. 2021ರ ಜನವರಿ 26ರಂದು ಆಟ ಬಂದಾಗ ಅದು ಗಲ್ವಾನ್ ಕಣಿವೆಯಲ್ಲಿ ಒಬ್ಬನೇ ಯೋಧ ಕೈಕೈ ಮಿಲಾಯಿಸುವ ಆಟವಾಗಿತ್ತು. ನೂರು ಜನ ಸೇರಿ ಆಡುವ ಆಟಕ್ಕೆ ಕಾದಿದ್ದವರು ಸಪ್ಪಗಾದರು. ಎರಡನೆಯದು ಫ್ರೀ ಫೈರ್. 2022ರ ಫೆಬ್ರವರಿಯಲ್ಲಿ ಅದಕ್ಕೂ ನಿಷೇಧ ಬಂತು. 2023ರ ಆಗಸ್ಟ್ ಕೊನೆಯಲ್ಲಿ ಕ್ರಿಕೆಟಿಗ ಧೋನಿಯವರನ್ನು ಮುಂದಿಟ್ಟುಕೊಂಡು ‘ಫ್ರೀ ಫೈರ್ ಇಂಡಿಯಾ’ ಸೆಪ್ಟೆಂಬರ್ 5ಕ್ಕೆ ಬರುತ್ತದೆಂದು ಸಾರಿದರು. ಆ ದಿನ ಹತ್ತಿರ ಬಂದಾಗ ಕೆಲವು ವಾರ ತಡವೆಂದರು. ವಾರಗಳು ತಿಂಗಳಾದವು, ತಿಂಗಳುಗಳು ವರ್ಷವನ್ನೂ ದಾಟಿದವು.

ಸಂತ ಥಾಮಸ್ ಅಕ್ವಿನಾಸರು ಇಲ್ಲಿ ನಮಗೆ ನೆರವಾಗುತ್ತಾರೆ. ಮಾಡುವ ಮನಸ್ಸಿದ್ದು ಮಾತು ಕೊಟ್ಟವನು ಸುಳ್ಳುಗಾರನಲ್ಲ. ಆ ಗಳಿಗೆಯಲ್ಲಿ ಅವನ ನಾಲಿಗೆಗೂ ಮನಸ್ಸಿಗೂ ಭೇದವಿಲ್ಲ. ಮುಂದೆ ಮಾಡದೆ ಹೋದರೆ ಅವನು ಮಾತಿಗೆ ತಪ್ಪಿದವನು; ಪರಿಸ್ಥಿತಿ ನಿಜವಾಗಿ ಬದಲಾಗಿದ್ದರೆ ಆ ದೋಷವೂ ಇಲ್ಲ. ಇಷ್ಟನ್ನು ಒಪ್ಪಿಕೊಂಡರೆ ಎಷ್ಟೋ ಕಂಪನಿಗಳು ಪಾರಾಗುತ್ತವೆ. ಆಟವೆಂದರೆ ಕೋಡಿಂಗ್, ಚಿತ್ರ, ಸಂಗೀತ ಎಲ್ಲ ಸೇರಿದ ಕಷ್ಟದ ಕೆಲಸ, ತಡವಾಗುವುದು ಸಹಜ.

ಆದರೆ ಇನ್ನೊಂದು ಮೋಸವಿದೆ. ಬಾಯಲ್ಲಿ ಒಂದು ಹೇಳಿ, ಉಳಿದ ಷರತ್ತನ್ನು ಮನಸ್ಸಿನೊಳಗೇ ಇಟ್ಟುಕೊಂಡು, ‘ನಾನು ಸುಳ್ಳು ಹೇಳಲಿಲ್ಲ’ ಎನ್ನುವುದು. ಈ ಜಾಣತನವನ್ನು ಸಮರ್ಥಿಸುವ ಪಂಡಿತರು ಒಂದು ಕಾಲದಲ್ಲಿ ಧರ್ಮಸಭೆಯೊಳಗೇ ಇದ್ದರು. 1679ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು ಅದನ್ನು ಖಂಡಿಸಿದರು. ಕಣ್ಣು ಕೋರೈಸುವ ದೃಶ್ಯ ತೋರಿಸಿ, ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ಇದು ನಿಜವಾದ ಆಟದ ದೃಶ್ಯವಲ್ಲ’ ಎಂದು ಬರೆಯುವುದನ್ನು ಕಂಡಾಗ ನನಗೆ ಆ ಪಂಡಿತರ ನೆನಪಾಗುತ್ತದೆ. ಕೇಳುವವನು ಏನೆಂದುಕೊಳ್ಳುತ್ತಾನೆಂದು ಹೇಳುವವನಿಗೆ ಗೊತ್ತಿದೆ. ಗೊತ್ತಿದ್ದೂ ತಿದ್ದುವುದಿಲ್ಲ.

ಮುಂಗಡ ಹಣ ಪಡೆದಿದ್ದರಂತೂ ಘೋಷಣೆ ಬರೀ ಆಶಯವಾಗಿ ಉಳಿಯುವುದಿಲ್ಲ, ಮಾತಾಗುತ್ತದೆ. ಪೋಲೆಂಡಿನ ಒಂದು ಕಂಪನಿ ‘ಸೈಬರ್‌ಪಂಕ್ 2077’ ಆಟವನ್ನು 2012ರಲ್ಲಿ ಪ್ರಕಟಿಸಿ, ಹಲವು ಸಲ ಮುಂದೂಡಿ, 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಹಳೆಯ ಯಂತ್ರಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ ಒಂದೇ ವಾರದಲ್ಲಿ ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿ ಹಣ ಮರಳಿಸಿತು. ಈ ಕಥೆಯಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ ಎರಡು ಸಂಗತಿ. ಸಾರಿದ ತಾರೀಕು ಹತ್ತಿರವಾದಾಗ ಕೆಲಸಗಾರರನ್ನು ವಾರಕ್ಕೆ ಆರು ದಿನ ದುಡಿಸಿದರು. ವೇದಿಕೆಯ ಮೇಲೆ ಹೇಳಿದ ಮಾತಿನ ಭಾರ ಬಿದ್ದದ್ದು ಅದನ್ನು ಹೇಳದವರ ಹೆಗಲಿಗೆ. ಆಮೇಲೆ ಮತ್ತೊಮ್ಮೆ ಮುಂದೂಡಿದಾಗ ಅಭಿಮಾನಿಗಳಲ್ಲಿ ಕೆಲವರು ಆ ಕೆಲಸಗಾರರಿಗೇ ಕೊಲೆ ಬೆದರಿಕೆ ಹಾಕಿದರು. ಮೂರು ವಾರ ತಡವಾದ ಆಟಕ್ಕೆ ಮನುಷ್ಯನ ಜೀವ ಸಮವೇ? ನಿರೀಕ್ಷೆ ಹಕ್ಕಾಗಿ ಬದಲಾದಾಗ ಹೀಗಾಗುತ್ತದೆ. ಫ್ರಾನ್ಸಿನ ಕಥೋಲಿಕ ತತ್ವಜ್ಞಾನಿ ಗಾಬ್ರಿಯೆಲ್ ಮಾರ್ಸೆಲರು ಬಯಕೆ ಬೇರೆ, ಭರವಸೆ ಬೇರೆ ಎಂದು ವಿಂಗಡಿಸಿದ್ದು ಇದಕ್ಕೇ. ಬಯಕೆಗೆ ವಸ್ತು ಬೇಕು, ಅದೂ ಇಂದೇ ಬೇಕು. ಭರವಸೆ ಒಬ್ಬ ವ್ಯಕ್ತಿಯ ಮೇಲೆ ಇಡುವಂಥದ್ದು, ಅದಕ್ಕೆ ತಾಳ್ಮೆಯಿದೆ.

ಒಳ್ಳೆಯ ಉದಾಹರಣೆಯೂ ಇದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಒಂದು ಪುಟ್ಟ ತಂಡ ‘ಸಿಲ್ಕ್‌ಸಾಂಗ್’ ಎಂಬ ಆಟವನ್ನು 2019ರಲ್ಲಿ ಪ್ರಕಟಿಸಿ ಬಹುಪಾಲು ಮೌನವಾಗಿಬಿಟ್ಟಿತು. ಪ್ರತಿ ಪ್ರದರ್ಶನದಲ್ಲೂ ಅದರ ಹೆಸರು ಕೇಳಬಹುದೆಂದು ಅಭಿಮಾನಿಗಳು ಕಾದರು, ಬೇಸರವನ್ನೇ ತಮಾಷೆ ಮಾಡಿಕೊಂಡರು. ಕೊನೆಗೆ 2025ರ ಆಗಸ್ಟ್‌ನಲ್ಲಿ, ಎರಡೇ ವಾರ ಮುಂಚೆ ತಾರೀಕು ಹೇಳಿ, ಸೆಪ್ಟೆಂಬರ್ 4ರಂದು ಹೇಳಿದಂತೆಯೇ ಕೊಟ್ಟರು. ಕೆಲಸ ಮುಗಿದ ಮೇಲೆ ಮಾತು. ನಮ್ಮ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವೂ (1915ರಲ್ಲಿ ಬೆಳಕಿಗೆ ಬಂದದ್ದು) ಒಂದು ಘೋಷಣೆಯೇ. ಆದರೆ ಅಲ್ಲಿ ದೊರೆ ಮುಂದೆ ಮಾಡುವುದನ್ನು ಹೇಳುವ ಮೊದಲು, ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ನಡೆದುಬಂದ ದಾರಿಯನ್ನು ಹೇಳುತ್ತಾನೆ. ‘ಹೋಗುತ್ತೇನೆ’ ಎಂದು ಹೇಳಿ ದ್ರಾಕ್ಷಿತೋಟಕ್ಕೆ ಹೋಗದ ಮಗ, ‘ಹೋಗುವುದಿಲ್ಲ’ ಎಂದು ಹೇಳಿ ಹೋದ ಮಗ, ಇವರಿಬ್ಬರ ಸಾಮತಿಯನ್ನು ಮತ್ತಾಯನ ಶುಭಸಂದೇಶದಲ್ಲಿ ನೀವೆಲ್ಲ ಕೇಳಿದ್ದೀರಿ.

ತಂದೆತಾಯಿಗಳೇ, ಕಂಪನಿಗಳನ್ನು ದೂರಿದ್ದು ಸಾಕು. ಸುಗ್ಗಿ ಮುಗಿಯುತ್ತಲೇ ನಮ್ಮ ತಾಲ್ಲೂಕುಗಳಿಂದ ಎಷ್ಟು ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆಂದು ನಿಮಗೆ ಗೊತ್ತು. ಅಜ್ಜಿಯ ಬಳಿ, ಹಾಸ್ಟೆಲಿನಲ್ಲಿ ಬಿಟ್ಟ ಮಕ್ಕಳಿಗೆ ಬಸ್ ಹತ್ತುವಾಗ ಹೇಳುವ ಮಾತು ಒಂದೇ: “ಕ್ರಿಸ್ಮಸ್‌ಗೆ ಬರ್ತೀವಿ, ಹೊಸ ಅಂಗಿ ತರ್ತೀವಿ.” ಮನಸ್ಸಿದ್ದೇ ಹೇಳುತ್ತೀರಿ, ಸಂದೇಹವಿಲ್ಲ. ಮೇಸ್ತ್ರಿ ಬಿಡುವುದಿಲ್ಲ, ಕೂಲಿ ಕೈಗೆ ಬರುವುದಿಲ್ಲ. ಅಕ್ವಿನಾಸರ ಲೆಕ್ಕದಲ್ಲಿ ನೀವು ನಿರ್ದೋಷಿಗಳು. ಆದರೆ ಬರಲಾಗದೆಂದು ನಿಮಗೆ ಡಿಸೆಂಬರ್ ಹತ್ತಕ್ಕೇ ಗೊತ್ತಾಗಿರುತ್ತದೆ, ಮಗುವಿಗೆ ಗೊತ್ತಾಗುವುದು ಇಪ್ಪತ್ತನಾಲ್ಕರ ರಾತ್ರಿ. ಗೋದಲಿ ಕಟ್ಟುವಾಗ ಬಾಗಿಲ ಕಡೆ ನೋಡುತ್ತಲೇ ಇರುವ ಮಕ್ಕಳನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ಅಂಥ ಒಬ್ಬ ಹುಡುಗನನ್ನು, ಆ ರಾತ್ರಿ ಹತ್ತೂವರೆಯ ಪ್ರದರ್ಶನದಲ್ಲಿ ಅಂಥದೇನು ಕಂಡೆ ಎಂದು ಕೇಳಿದೆ. ಆಟಗಳ ಹೆಸರು ಹೇಳುತ್ತಾನೆಂದು ನಿರೀಕ್ಷಿಸಿದ್ದೆ. “ಹೇಳಿದ ಟೈಮಿಗೆ ಕರೆಕ್ಟಾಗಿ ಬರ್ತೈತಿ ಫಾದರ್” ಅಂದ.

ಹತ್ತನೆಯ ತಾರೀಕಿಗೇ ಒಂದು ಫೋನ್ ಮಾಡಿ. ಕ್ರಿಸ್ಮಸ್‌ಗೆ ಆಗುವುದಿಲ್ಲ, ಇಂಥ ದಿನ ಬರುತ್ತೇವೆ ಎಂದು ಮಗುವಿನ ಕೈಗೇ ಫೋನ್ ಕೊಡಿಸಿ ಹೇಳಿ. ಅಳುತ್ತದೆ. ಅಳುವುದು ಮುಗಿಯುವ ತನಕ ಫೋನ್ ಇಡಬೇಡಿ.