ಮೂಗಿನ ಲೆಕ್ಕ

 

*ಇಂದಿನ ಧಮ್ಮ ಚಿಂತನೆ*

ಕಳೆದ ವಾರ ನಮ್ಮ ಗುಂಪಿಗೆ ಒಂದು ಪೋಸ್ಟರ್ ಬಂತು. ಒಂದು ಕಡೆ ಬಿಳಿ ಮೈಬಣ್ಣದ, ನೀಳ ಮೂಗಿನ ಮುಖ, ಕೆಳಗೆ ‘ಆರ್ಯ’. ಇನ್ನೊಂದು ಕಡೆ ಕಪ್ಪು ಬಣ್ಣದ, ಅಗಲ ಮೂಗಿನ ಮುಖ; ಕೆಳಗೆ ‘ಮೂಲನಿವಾಸಿ’. ಹೊರಗಿನಿಂದ ಬಂದ ಬಿಳಿ ಜನ ಇಲ್ಲಿದ್ದ ಕಪ್ಪು ಜನರನ್ನು ತುಳಿದರು, ಅದೇ ಜಾತಿಯಾಯಿತು ಎಂಬುದು ಅದರ ಸಾರ. ಹಲವರು ಕೈ ಮುಗಿದ ಗುರುತು ಹಾಕಿದಿರಿ. ಪೋಸ್ಟರಿನ ಮೂಲೆಯಲ್ಲಿ ಬಾಬಾಸಾಹೇಬರ ಚಿತ್ರವೂ ಇತ್ತು. ಆದರೆ ಆ ಮಾತನ್ನು ಬಾಬಾಸಾಹೇಬರು ಒಪ್ಪಿದವರಲ್ಲ. ಅದನ್ನು ಅಲ್ಲಗಳೆಯಲಿಕ್ಕೆಂದೇ ಅವರು ವೇದದಿಂದ ಹಿಡಿದು ಜನಗಣತಿಯ ಅಂಕಿಗಳವರೆಗೆ ಓದಿದರು.

ಈ ಮೂಗಿನ ಕಥೆ ಶುರುವಾದದ್ದು ಒಂದು ಪದದಿಂದ. ಋಗ್ವೇದದಲ್ಲಿ ದಸ್ಯುಗಳನ್ನು ‘ಅನಾಸ’ ಎಂದು ಕರೆದಿದೆ. ಮ್ಯಾಕ್ಸ್ ಮುಲ್ಲರ್ ಅದನ್ನು ಅ-ನಾಸ ಎಂದು ಬಿಡಿಸಿದರು, ಅಂದರೆ ಮೂಗಿಲ್ಲದವರು. ಅಲ್ಲಿಂದ ಚಪ್ಪಟೆ ಮೂಗಿನ ಬೇರೆ ಜನಾಂಗ ಎಂಬ ತೀರ್ಮಾನಕ್ಕೆ ಒಂದೇ ಹೆಜ್ಜೆ. ಆದರೆ 14ನೇ ಶತಮಾನದಲ್ಲಿ, ನಮ್ಮದೇ ವಿಜಯನಗರದ ಕಾಲದಲ್ಲಿ ಭಾಷ್ಯ ಬರೆದ ಸಾಯಣ ಅದೇ ಪದವನ್ನು ಅನ್-ಆಸ ಎಂದು ಬಿಡಿಸಿದ್ದ. ಬಾಯಿ ಇಲ್ಲದವರು, ಅಂದರೆ ಸರಿಯಾಗಿ ಮಾತು ಬಾರದವರು. ‘ಶೂದ್ರರು ಯಾರು?’ ಎಂಬ 1946ರ ಪುಸ್ತಕದಲ್ಲಿ ಬಾಬಾಸಾಹೇಬರು ಎರಡನ್ನೂ ತೂಗಿ ನೋಡಿ ಸಾಯಣನ ಕಡೆ ನಿಂತರು. ದಸ್ಯುಗಳನ್ನು ಒರಟು ಮಾತಿನವರು ಎಂದೂ ವೇದ ಕರೆಯುತ್ತದೆ, ಆದ್ದರಿಂದ ಬಾಯಿಯ ಅರ್ಥವೇ ಕೂಡಿಬರುತ್ತದೆ. ಪದವನ್ನು ಒಂದು ಅಕ್ಷರ ಆಚೆ ಕತ್ತರಿಸಿದರೆ ಮೂಗು, ಈಚೆ ಕತ್ತರಿಸಿದರೆ ಬಾಯಿ. ಇಷ್ಟರ ಮೇಲೆ ಒಂದು ಜನಾಂಗವನ್ನೇ ಕಟ್ಟಿದ್ದರು.

ಮುಂದೆ ಈ ಮೂಗು ಪುಸ್ತಕ ಬಿಟ್ಟು ಊರಿಗೆ ಬಂತು. 1901ರ ಜನಗಣತಿಯ ಹೊಣೆ ಹೊತ್ತಿದ್ದ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿಗೆ ಜನರ ಮೂಗು ಅಳೆಯುವುದರಲ್ಲಿ ಬಹಳ ನಂಬಿಕೆ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬುದು ಆತನ ಸಿದ್ಧಾಂತ. ಇಂಥ ಅಳತೆಗಳನ್ನೇ ಮುಂದಿಟ್ಟುಕೊಂಡು 1948ರಲ್ಲಿ ‘ಅಸ್ಪೃಶ್ಯರು’ ಪುಸ್ತಕದಲ್ಲಿ ಬಾಬಾಸಾಹೇಬರು ಲೆಕ್ಕ ತಿರುಗಿಸಿದರು. ಬ್ರಾಹ್ಮಣನ ಮೂಗಿಗೂ ಅದೇ ಸೀಮೆಯ ಅಸ್ಪೃಶ್ಯನ ಮೂಗಿಗೂ ಜನಾಂಗ ಬೇರೆ ಎನ್ನುವಷ್ಟು ವ್ಯತ್ಯಾಸವಿಲ್ಲ. ಅವರು ಆರ್ಯರಾದರೆ ಇವರೂ ಆರ್ಯರು, ಅವರು ದ್ರಾವಿಡರಾದರೆ ಇವರೂ ದ್ರಾವಿಡರು. 1936ರ ‘ಜಾತಿ ವಿನಾಶ’ದಲ್ಲೂ ಇದೇ ವಾದವಿತ್ತು: ಪಂಜಾಬಿನ ಬ್ರಾಹ್ಮಣನಿಗೆ ಪಂಜಾಬಿನ ಚಮ್ಮಾರನೇ ಹತ್ತಿರದವನು, ಮದರಾಸಿನ ಬ್ರಾಹ್ಮಣನಲ್ಲ.

ಇಲ್ಲಿ ಓದಿಕೊಂಡ ತರುಣರು ಡಿಎನ್ಎ ಮಾತು ಎತ್ತುತ್ತಾರೆ. ಎತ್ತಲಿ, ಹೆದರುವಂಥದ್ದೇನಿಲ್ಲ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಮಧ್ಯ ಏಷ್ಯಾದ ಕಡೆಯಿಂದ ಜನ ಬಂದದ್ದು, ಅವರ ಅಂಶ ಕೆಲವು ಜಾತಿಗಳಲ್ಲಿ ಹೆಚ್ಚು, ಕೆಲವುದರಲ್ಲಿ ಕಡಿಮೆ ಇರುವುದು ಈಚಿನ ಸಂಶೋಧನೆಗಳಲ್ಲಿ ಕಾಣುತ್ತದೆ. ಮೂಗಿನ ಅಳತೆಗೆ ಇದು ದಕ್ಕುವ ವಿಷಯವಾಗಿರಲಿಲ್ಲ. ಆದರೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನರೆಲ್ಲ ಚೆನ್ನಾಗಿ ಬೆರೆತಿದ್ದರು, ಆಮೇಲೆ ಬೆರೆಯುವುದು ನಿಂತಿತು. ಬಾಬಾಸಾಹೇಬರು 25ರ ವಯಸ್ಸಿನಲ್ಲಿ, 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಹೇಳಿದ್ದು ಇದನ್ನೇ ಅಲ್ಲವೇ? ಜಾತಿಯ ಗುಟ್ಟು ರಕ್ತದಲ್ಲಿಲ್ಲ. ಹೆಣ್ಣು ಕೊಡುವ ತರುವ ಬಾಗಿಲನ್ನು ಮುಚ್ಚಿದ್ದರಲ್ಲಿದೆ.

ನನಗೆ ಮುಖ್ಯವಾಗಿ ಕಾಣುವುದು ಬೇರೆ. ನಾಳೆ ಯಾವುದೋ ಪ್ರಯೋಗಾಲಯ ನಮ್ಮ ಅವರ ರಕ್ತ ಪೂರ್ತಿ ಬೇರೆ ಎಂದು ಹೇಳಿತು ಅಂದುಕೊಳ್ಳಿ. ಆಗ ಅಸ್ಪೃಶ್ಯತೆ ನ್ಯಾಯವಾಗುತ್ತದೆಯೇ? ಪೂರ್ತಿ ಒಂದೇ ಎಂದಿತು ಅಂದುಕೊಳ್ಳಿ. ಅಲ್ಲಿಯವರೆಗೆ ಸರಿಯಾಗಿದ್ದದ್ದು ಅಂದಿನಿಂದ ತಪ್ಪಾಗುತ್ತದೆಯೇ? ಎರಡೂ ಇಲ್ಲ. ಹಾಗಿದ್ದರೆ ನಮ್ಮ ಸ್ವಾಭಿಮಾನವನ್ನು ಮೂಗಿನ ಮೇಲೆ ಏಕೆ ಕಟ್ಟಬೇಕು? ಅಳತೆಗೋಲು ರಿಸ್ಲೆಯದು. ಅದನ್ನು ತಲೆಕೆಳಗು ಹಿಡಿದರೂ ಅದು ಅವನದೇ.

ಹಾಗಾದರೆ ಜನಾಂಗದ್ವೇಷ ನಮ್ಮ ವಿಷಯವೇ ಅಲ್ಲವೇ ಎಂದು ಕೇಳಬಹುದು. ‘ಶೂದ್ರರು ಯಾರು?’ ಹೊರಬಂದ ಅದೇ 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಜನರ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು. ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಬಹಳ ಹೋಲಿಕೆಯಿದೆ, ವಿಶ್ವಸಂಸ್ಥೆಗೆ ನಿಮ್ಮ ಜನರು ಸಲ್ಲಿಸಿರುವ ಮನವಿಯ ಪ್ರತಿ ಕಳಿಸಿ ಎಂದು ಕೇಳಿದರು. ಡುಬಾಯ್ಸ್ ಜುಲೈ ಕೊನೆಯಲ್ಲಿ ಉತ್ತರಿಸಿದರು. ಅಸ್ಪೃಶ್ಯರ ಬಗ್ಗೆ ತಮಗೆ ಪೂರ್ಣ ಸಹಾನುಭೂತಿ ಇದೆ ಎಂದರು. ಒಂದೇ ಬಣ್ಣ, ಒಂದೇ ರಕ್ತ ಎಂಬ ನೆಂಟಸ್ತಿಕೆಯನ್ನು ಬಾಬಾಸಾಹೇಬರು ಹುಡುಕಲಿಲ್ಲ. ಸ್ಥಿತಿ ಒಂದೇ ಎಂದರು. ದುಃಖದಿಂದ ನೆಂಟಸ್ತಿಕೆ ಬೆಳೆಸಿದರು.

ಅಮೆರಿಕದಲ್ಲಾದರೂ ಬಣ್ಣ ಕಣ್ಣಿಗೆ ಕಾಣುವ ಸತ್ಯವೇ? ಲೂಯಿಸಿಯಾನದ ಹೋಮರ್ ಪ್ಲೆಸಿ ನೋಡಲು ಬಿಳಿಯ. ಅವರ ವಂಶದಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರದೇ. 1892ರಲ್ಲಿ ಕಪ್ಪು ಜನರ ಹೋರಾಟ ಸಮಿತಿಯೊಂದು ಕಾನೂನನ್ನು ಪರೀಕ್ಷಿಸಲೆಂದೇ ಅವರನ್ನು ಬಿಳಿಯರ ರೈಲು ಡಬ್ಬಿಯಲ್ಲಿ ಕೂರಿಸಿತು. ತಾವು ಯಾರೆಂದು ಹೇಳಿದ ಮೇಲೆ ಅವರನ್ನು ಇಳಿಸಿ ಬಂಧಿಸಿದರು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೇರೆ ಬೇರೆ ಡಬ್ಬಿ ಸರಿ ಎಂದೇ ತೀರ್ಪು ಕೊಟ್ಟಿತು. ಹೆಸರು ಕೇಳಿ, ಊರು ಕೇಳಿ, ‘ನಿಮ್ಮ ಕಡೆ ಪೈಕಿ ಯಾರು’ ಎಂದು ಕೇಳಿ, ಆಮೇಲೆ ಲೋಟ ಬದಲಿಸುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಸುತ್ತನಿಪಾತದ ವಾಸೆಟ್ಠ ಸುತ್ತ ಇಲ್ಲಿ ನೆನಪಿಗೆ ಬರುತ್ತದೆ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಗೆಳೆಯರ ಜಗಳ: ಮನುಷ್ಯ ದೊಡ್ಡವನಾಗುವುದು ಹುಟ್ಟಿನಿಂದಲೋ, ನಡೆಯಿಂದಲೋ? ತಥಾಗತರು ಹುಲ್ಲು, ಮರ, ಹುಳ, ಹಾವು, ಮೀನು, ಹಕ್ಕಿ ಎಂದು ಒಂದೊಂದನ್ನೇ ಎತ್ತಿಕೊಳ್ಳುತ್ತಾರೆ. ಅವಕ್ಕೆಲ್ಲ ಹುಟ್ಟಿನ ಗುರುತು ಉಂಟು. ಮನುಷ್ಯರಿಗೆ ಬಂದಾಗ ಕೂದಲು, ಕಿವಿ, ಕಣ್ಣು, ತುಟಿ ಎಂದು ಅಂಗಾಂಗ ಹುಡುಕುತ್ತಾರೆ, ಎಲ್ಲೂ ಅಂಥ ಗುರುತು ಸಿಗುವುದಿಲ್ಲ. ಆ ಪಟ್ಟಿಯಲ್ಲಿ ಮೂಗೂ ಇದೆ, ಬಣ್ಣವೂ ಇದೆ! ಜನರು ನೋಡಲು ಬೇರೆ ಬೇರೆ ಇಲ್ಲ ಎಂದು ಭಗವಾನರು ಹೇಳುತ್ತಿಲ್ಲ. ಮನುಷ್ಯರ ನಡುವಿನ ಭೇದ ನಾವು ಇಟ್ಟ ಹೆಸರಿನದು ಎನ್ನುತ್ತಾರೆ.

ಹೆಸರಿಡುವುದು ಎಷ್ಟು ಅಪಾಯಕಾರಿ ಎಂದು ನಮ್ಮ ಬೆಂಗಳೂರೇ ನೋಡಿದೆ. 2016ರ ಜನವರಿ ಕೊನೆಯಲ್ಲಿ ಸೂಡಾನ್ ದೇಶದವನೊಬ್ಬನ ಕಾರಿಗೆ ಸಿಕ್ಕಿ ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆಯಿತು, ಕಾರು ಸುಟ್ಟಿತು. ದೇಶ ಬೇರೆ, ಮನುಷ್ಯರು ಬೇರೆ. ಗುಂಪಿನ ಕಣ್ಣಿಗೆ ಇಬ್ಬರೂ ಒಂದೇ. ಇತ್ತ ಯಲ್ಲಾಪುರ, ಹಳಿಯಾಳದ ಸಿದ್ದಿ ಜನರು ತಲೆಮಾರುಗಳಿಂದ ಕೊಂಕಣಿ, ಕನ್ನಡ ಮಾತಾಡಿಕೊಂಡಿರುವವರು. ಅವರನ್ನೂ ಪೇಟೆಯಲ್ಲಿ ಯಾವ ದೇಶದವರು ಎಂದು ಕೇಳುವವರಿದ್ದಾರೆ.

ಇದೆಲ್ಲ ಮೇಲ್ಜಾತಿಯವರ ರೋಗ ಎಂದು ನಾವು ಪಾರಾಗಲು ಬರುವುದಿಲ್ಲ. ಪಂಚಶೀಲ ತೆಗೆದುಕೊಂಡ ಮನೆಗಳಲ್ಲೂ ಮಗು ಹುಟ್ಟಿದ ದಿನ ಮೊದಲ ಪ್ರಶ್ನೆ ಬಣ್ಣದ್ದೇ. ‘ಕಪ್ಪಾದರೂ ಲಕ್ಷಣವಾಗಿದೆ’ ಎನ್ನುತ್ತೇವೆ. ಆ ‘ಆದರೂ’ ಕೂಸಿನ ಜೊತೆಯಲ್ಲೇ ಬೆಳೆಯುತ್ತದೆ. 1975ರಿಂದ ಮಾರಾಟವಾದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು, ಟ್ಯೂಬಿನ ಮೇಲಿನ ಪದ ಹೋಯಿತು. ನಮ್ಮ ವಧೂವರರ ಗುಂಪಿನ ಬಯೋಡೇಟಾಗಳಲ್ಲಿ ‘ಬಿಳಿ ಬಣ್ಣ’ ಹಾಗೇ ಉಳಿದಿದೆ. ಅದರ ಕೆಳಗೆ ಎಡಗೈಯೋ ಬಲಗೈಯೋ ಎಂಬುದನ್ನು ಕೆಲವರು ಬರೆಯುವುದಿಲ್ಲ, ಫೋನಿನಲ್ಲಿ ಕೇಳುತ್ತಾರೆ. ಬಾಬಾಸಾಹೇಬರು 1916ರಲ್ಲಿ ತೋರಿಸಿದ ಬಾಗಿಲು ಅದೇ, ಚಿಲಕ ಈಗ ನಮ್ಮ ಕೈಯಲ್ಲಿದೆ.

ಈ ಭಾನುವಾರ ವಾಸೆಟ್ಠ ಸುತ್ತವನ್ನೇ ಓದೋಣ. ಪೋಸ್ಟರ್ ಕಳಿಸಿದ ತಮ್ಮನೂ ಬಂದು ತನ್ನ ವಾದ ಮಂಡಿಸಲಿ, ಯಾರೂ ನಡುವೆ ಬಾಯಿ ಹಾಕುವುದು ಬೇಡ. ವಧೂವರರ ಗುಂಪು ನೋಡಿಕೊಳ್ಳುವ ಅಕ್ಕನವರೂ ಬರಲಿ. ಬಯೋಡೇಟಾ ನಮೂನೆಯಿಂದ ಬಣ್ಣದ ಸಾಲು ತೆಗೆಯಬೇಕೆ ಎಂಬುದನ್ನು ಅಂದೇ ತೀರ್ಮಾನಿಸೋಣ.